ಎಷ್ಟು ಕ್ಯೂಸೆಕ್ ಅಂದರೆ ಎಷ್ಟು ಎಕರೆ?

ಕರ್ನಾಟಕದ ಮಾಹಿತಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಸಚಿವರಿಗೆ ಹಿಪ್ಪರಗಿಯ ದಂಡೆಯಿಂದ ಒಂದು ಬಹಿರಂಗ ಪತ್ರ



ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಯಿತೆಂದರೆ ಕೃಷ್ಣೆಯ ಹಿಪ್ಪರಗಿ ಬ್ಯಾರೇಜಿನ ಸುತ್ತಿನ ರೈತರ ಕಣ್ಣು ಮೊಬೈಲಿಗೆ ಅಂಟಿಕೊಳ್ಳುತ್ತದೆ. ಕೊಯ್ನಾ ಅಣೆಕಟ್ಟಿನಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಬಂತು, ಹಿಪ್ಪರಗಿಗೆ ಒಳಹರಿವು ಎಷ್ಟು, ಹೊರಹರಿವು ಎಷ್ಟು? ಲೆಕ್ಕವೆಲ್ಲ ಕ್ಯೂಸೆಕ್‌ನಲ್ಲಿ. ಅದನ್ನು ಓದಿ ಮುಗಿಸಿದವನು ಪಕ್ಕದವನನ್ನು ಕೇಳುವುದು ಮಾತ್ರ ಬೇರೆಯೇ ಪ್ರಶ್ನೆ: ‘ಎರಡು ಲಕ್ಷ ಅಂದ್ರ ನಮ್ಮ ಹೊಲಕ್ಕ ನೀರ ಯಾವಾಗ ಏರತೈತೋ?’

ಪಂಪ್‌ಸೆಟ್ಟನ್ನು ಈಗಲೇ ದಂಡೆಯಿಂದ ಮೇಲೆತ್ತಬೇಕೋ, ಬೆಳಗಿನತನಕ ತಡೆಯಬಹುದೋ? ದನಕರುಗಳನ್ನು ಯಾವಾಗ ಹೊಡೆದುಕೊಂಡು ಹೋಗಬೇಕು? ಇದಕ್ಕೆ ಉತ್ತರ ಹಿರಿಯರ ನೆನಪಿನಿಂದ ಬರುತ್ತದೆ. 2005ರಲ್ಲಿ ಆ ಬೇವಿನ ಗಿಡದ ತನಕ ಬಂದಿತ್ತು, 2019ರಲ್ಲಿ ಅದನ್ನೂ ದಾಟಿತ್ತು ಎಂಬಂಥ ಉತ್ತರ. ಬೇವಿನ ಗಿಡ ಒಳ್ಳೆಯ ಅಳತೆಗೋಲೇ. ಆದರೆ ಅದು ನೀರು ಬಂದ ಮೇಲೆ ಹೇಳುತ್ತದೆ.

ಈ ದಂಡೆಯ ಮೇಲೆ ಉಪಗ್ರಹಗಳು ಹಾದುಹೋಗುತ್ತಲೇ ಇವೆ. 2022ರ ಫೆಬ್ರುವರಿಯಲ್ಲಿ ಹಾರಿದ ಇಒಎಸ್-04, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಏರಿದ ನಿಸಾರ್ ಎರಡೂ ರಾಡಾರ್ ಕಣ್ಣಿನವು. ಮೋಡ ಕವಿದರೂ, ರಾತ್ರಿಯಾದರೂ ನೆಲ ಅವಕ್ಕೆ ಕಾಣುತ್ತದೆ. ಪ್ರವಾಹದ ದಿನಗಳಲ್ಲಿ ಬೇಕಾದದ್ದು ಇಂಥ ಕಣ್ಣೇ. ಆದರೆ ನಿಸಾರ್ ಒಂದು ಜಾಗವನ್ನು ಮತ್ತೆ ಅದೇ ದಾರಿಯಿಂದ ನೋಡಲು 12 ದಿನ ತೆಗೆದುಕೊಳ್ಳುತ್ತದೆ. ಕೃಷ್ಣೆ ಅಷ್ಟು ದಿನ ಕಾಯುವವಳಲ್ಲ. ಚಿತ್ರ, ನದಿಯ ಏರುತಗ್ಗು, ಗೇಟಿನ ಲೆಕ್ಕ ಮೂರನ್ನೂ ಹೊಂದಿಸಿ, ಹೊಲದ ಸರ್ವೆ ನಂಬರಿನ ಮಟ್ಟಕ್ಕೆ ಇಳಿಸಿ, ರೈತನ ಫೋನಿಗೆ ಮುಟ್ಟಿಸುವ ಕೆಲಸ ಇಸ್ರೊದಂಥ ದೊಡ್ಡ ಸಂಸ್ಥೆಯದಲ್ಲ. ಹತ್ತು ಹದಿನೈದು ಜನರ ಸಣ್ಣ ಕಂಪನಿ ಎರಡು ಮಳೆಗಾಲ ಪಟ್ಟುಹಿಡಿದು ಮಾಡುವಂಥದ್ದು.

ಅಂಥ ಕಂಪನಿಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹಮದ್ 2019ರಲ್ಲಿ, ಪಿಲಾನಿಯ ಬಿಟ್ಸ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಗೆಳೆಯ ಕ್ಷಿತಿಜ್ ಖಂಡೇಲ್ವಾಲ್ ಜತೆ ಪಿಕ್ಸೆಲ್ ಕಟ್ಟಿದರು. ಅದರ ಉಪಗ್ರಹಗಳು ಬೆಳಕನ್ನು ನೂರಕ್ಕೂ ಹೆಚ್ಚು ಪಟ್ಟಿಗಳಾಗಿ ಸೀಳಿ ನೋಡುತ್ತವೆ. ನಮ್ಮ ಕಣ್ಣಿಗೆ ಹಸಿರಾಗಿಯೇ ಕಾಣುವ ಕಬ್ಬಿನಲ್ಲಿ ರೋಗ ಹತ್ತಿದ ಪಟ್ಟೆ ಯಾವುದು, ಉಪ್ಪು ಮೇಲೆದ್ದ ನೆಲ ಯಾವುದು ಎಂದು ಗುರುತಿಸುವ ತಂತ್ರ ಅದು. ಸವಳು-ಜವಳು ಎಂಬ ಜೋಡಿ ಪದ ಜಮಖಂಡಿ, ಮುಧೋಳದ ರೈತರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನೀರು ಹೆಚ್ಚು ಉಣಿಸಿ ಉಣಿಸಿ ಕೆಟ್ಟ ಭೂಮಿಯನ್ನು ಅವರು ಬರಿಗಾಲಲ್ಲಿ ತುಳಿದು ತಿಳಿದಿದ್ದಾರೆ.

ಈ ಪಿಕ್ಸೆಲ್ 2025ರ ಜನವರಿಯಲ್ಲಿ ಮೂರು ‘ಫೈರ್‌ಫ್ಲೈ’ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಅದಕ್ಕೂ ಮೊದಲು, 2024ರ ಜುಲೈನಲ್ಲಿ, ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆಯ 350ನೇ ಒಪ್ಪಂದ ಇದೇ ಕಂಪನಿಯೊಂದಿಗೆ ಆಯಿತು. 150 ಕಿಲೊ ತೂಕದವರೆಗಿನ ಪುಟ್ಟ ಉಪಗ್ರಹವನ್ನು ಮಾಡಿಕೊಡುವ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ಬೆಳೆದ ಬೆಲಾಟ್ರಿಕ್ಸ್ ಕಂಪನಿ ತಾನು ಮಾಡಿದ ನೂಕುಯಂತ್ರವನ್ನು 2024ರ ಜನವರಿ 1ರಂದು ಹಾರಿದ ಪಿಎಸ್ಎಲ್‌ವಿ-ಸಿ58ರ ಬೆನ್ನೇರಿಸಿ ಬಾಹ್ಯಾಕಾಶದಲ್ಲೇ ಪರೀಕ್ಷಿಸಿತು. ಅಲ್ಲಿ ಬಳಕೆಯಾದದ್ದು ಉಪಗ್ರಹಗಳನ್ನು ಬಿಟ್ಟು ಮುಗಿದ ಮೇಲೆ ಉಳಿಯುವ ರಾಕೆಟ್ಟಿನ ಕೊನೆಯ ಹಂತ. ಬೇರೆಯವರಾಗಿದ್ದರೆ ಅದನ್ನು ಕಸ ಎನ್ನುತ್ತಿದ್ದರು. ಇಸ್ರೊ ಅದನ್ನೇ ಸಣ್ಣವರ ಪ್ರಯೋಗಶಾಲೆ ಮಾಡಿತು.

ಐಡೆಕ್ಸ್ 2018ರ ಏಪ್ರಿಲ್‌ನಲ್ಲಿ ಶುರುವಾದಾಗ ಮಾಡಿದ ಜಾಣ ಕೆಲಸವೊಂದನ್ನು ತಾವು ಗಮನಿಸಬೇಕು. ಅಲ್ಲಿ ಪ್ರಶ್ನೆ ಬರೆಯುವವರು ಸೇನೆಯವರು. ಸೈನಿಕನಿಗೆ ಇಂಥದ್ದು ಬೇಕು ಎಂದು ಪಟ್ಟಿ ಹೊರಡುತ್ತದೆ. ಗೆದ್ದ ಕಂಪನಿಗೆ ಒಂದೂವರೆ ಕೋಟಿವರೆಗೆ ನೆರವು, ಮಾಡಿದ್ದು ಕೆಲಸಕ್ಕೆ ಬಂದರೆ ಕೊಳ್ಳುವವರೂ ಅವರೇ. ಇಂಥ ಪದ್ಧತಿಯ ತಾಯಿಬೇರು ಅಮೆರಿಕದಲ್ಲಿದೆ. ಸಣ್ಣ ಉದ್ಯಮಗಳ ಸಂಶೋಧನೆಗೆ ಸರ್ಕಾರಿ ಇಲಾಖೆಗಳು ತಮ್ಮ ಹಣದಲ್ಲಿ ಪಾಲು ಎತ್ತಿಡಬೇಕು ಎಂಬ ಕಾನೂನು ಅಲ್ಲಿ 1982ರಲ್ಲೇ ಬಂತು. ನಾಸಾ ಮೊದಲು ಆರು ತಿಂಗಳಿಗೆ ಸಣ್ಣ ಮೊತ್ತ ಕೊಟ್ಟು ಯೋಚನೆ ಗಟ್ಟಿಯೋ ಟೊಳ್ಳೋ ನೋಡುತ್ತದೆ. ಗಟ್ಟಿಯಿದ್ದರೆ ಎರಡು ವರ್ಷಕ್ಕೆ ದೊಡ್ಡ ಮೊತ್ತ. ಮೂರನೆಯ ಹಂತದಲ್ಲಿ ಸಂಶೋಧನೆಯ ದುಡ್ಡಿಲ್ಲ, ಆರ್ಡರ್ ಇದೆ. ಮೇಡ್ ಇನ್ ಸ್ಪೇಸ್ ಎಂಬ ಪುಟ್ಟ ಕಂಪನಿ ಹೀಗೇ ಮೇಲೆ ಬಂದು 2014ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ತ್ರೀಡಿ ಪ್ರಿಂಟರ್ ಕಳಿಸಿತು. ಭೂಮಿಯಿಂದ ನಕ್ಷೆ ಹೋಯಿತು, ಅಲ್ಲಿ ಪಾನಾ ಅಚ್ಚಾಗಿ ಬಂತು. ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡುವವರಿಗೆ ಈ ಸುದ್ದಿಯ ರುಚಿ ಬೇರೆಯವರಿಗಿಂತ ಚೆನ್ನಾಗಿ ಸಿಕ್ಕೀತು.

ಈ ಪದ್ಧತಿ ಭಾರತಕ್ಕೆ ಹೊಸದಲ್ಲ. 2005ರಲ್ಲೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಅಂಥದ್ದೊಂದು ಯೋಜನೆ ತಂದಿತ್ತು. ಬಾಹ್ಯಾಕಾಶದ ಪಾಳಿ ಬಂದದ್ದು 2020ರಲ್ಲಿ, ಖಾಸಗಿ ಕಂಪನಿಗಳಿಗೆ ಬಾಹ್ಯಾಕಾಶದ ಬಾಗಿಲು ತೆರೆಯುವ ಕೇಂದ್ರದ ಸಂಸ್ಥೆ ಇನ್‌ಸ್ಪೇಸ್ ಹುಟ್ಟಿದ ಮೇಲೆ. ಈಗ ಅಲ್ಲಿ ತಂತ್ರಜ್ಞಾನ ಅಳವಡಿಕೆಗೆಂದು 500 ಕೋಟಿ ನಿಧಿಯಿದೆ, ಸಣ್ಣ ಉದ್ಯಮಗಳಿಗೆ ಯೋಜನೆಯ ವೆಚ್ಚದ ಶೇ 60ರವರೆಗೆ ಸಿಗುತ್ತದೆ. ತಮ್ಮ ಇಲಾಖೆಯ ಎಲಿವೇಟ್‌ನಲ್ಲೂ ನವೋದ್ಯಮಗಳಿಗೆ 50 ಲಕ್ಷದವರೆಗೆ ಅನುದಾನವಿದೆ. 2024ರಲ್ಲಿ ಹೊರಬಂದ ರಾಜ್ಯದ ಬಾಹ್ಯಾಕಾಶ ನೀತಿಯ ಕರಡು ದೇಶದ ಈ ಮಾರುಕಟ್ಟೆಯಲ್ಲಿ ಅರ್ಧ ಪಾಲು ಕರ್ನಾಟಕಕ್ಕೆ ಬರಬೇಕೆಂದು ಆಸೆಪಟ್ಟಿತು. ಕರ್ನಾಟಕ ಎಂದರೆ ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಎಂದಾಗದಿದ್ದರೆ ಆಸೆ ಒಳ್ಳೆಯದೇ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳ ಬಿಡಿಭಾಗ ತಯಾರಾಗುತ್ತಿರುವಾಗ ಈ ಸೀಮೆಗೆ ಕೈಚಳಕವಿಲ್ಲ ಎನ್ನಲು ಬರುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿ? ನೀರಾವರಿಯವರಾಗಲಿ, ನದಿದಂಡೆಯ ರೈತರಾಗಲಿ ಪ್ರಶ್ನೆ ಬರೆಯುವ ಮೇಜಿಗೆ ಬಂದಿಲ್ಲ. ಅರ್ಜಿ ಹಾಕುವ ಹುಡುಗರು ತಮಗೆ ತೋಚಿದ ಸಮಸ್ಯೆಗೆ ತಾವೇ ಪರಿಹಾರ ಹುಡುಕುತ್ತಾರೆ, ಚೆಂದದ ಚಿತ್ರ ತೋರಿಸಿ ಬಹುಮಾನ ಪಡೆಯುತ್ತಾರೆ. ಕೊಳ್ಳುವವರಿಲ್ಲದೆ ಅದು ಅಲ್ಲೇ ನಿಲ್ಲುತ್ತದೆ.

ಕೊಡಬಹುದಾದ ದೊಡ್ಡ ನೆರವು ದುಡ್ಡಲ್ಲದ್ದು ಒಂದಿದೆ. 2019ರ ಪ್ರವಾಹದ ನಂತರ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಬೆಳೆ ಹೋಯಿತೆಂದು ಊರೂರಲ್ಲಿ ಪಂಚನಾಮೆ ನಡೆಯಿತು. ಆ ಲೆಕ್ಕ ಕಂದಾಯ ಇಲಾಖೆಯ ‘ಪರಿಹಾರ’ ತಂತ್ರಾಂಶಕ್ಕೆ ಏರಿತು. ಹಣ ಹಂಚಲು ಬರೆದ ಆ ದಾಖಲೆ ಉಪಗ್ರಹದ ಚಿತ್ರ ನಿಜವೋ ಸುಳ್ಳೋ ಎಂದು ತಾಳೆ ನೋಡಲು ಸಿಗುವ ಅಪರೂಪದ ಆಸ್ತಿ. ಅದರ ಪಕ್ಕಕ್ಕೆ ಅದೇ ದಿನಗಳ ಹಿಪ್ಪರಗಿ ಗೇಟಿನ ದಾಖಲೆ, ರಾಜ್ಯ ದೂರಸಂವೇದಿ ಕೇಂದ್ರದ ಚಿತ್ರಗಳು ಸೇರಿದರೆ, ಇಷ್ಟು ಕ್ಯೂಸೆಕ್‌ಗೆ ಇಷ್ಟು ಎಕರೆ ಎಂಬ ಲೆಕ್ಕಕ್ಕೆ ಅಡಿಪಾಯ ಸಿಗುತ್ತದೆ. ರೈತರ ಹೆಸರು ಅಳಿಸಿ ಸರ್ವೆ ನಂಬರು ಉಳಿಸಿದರೆ ಸಾಕು. ಮೂರೂ ಕಪಾಟು ಸರ್ಕಾರದ್ದೇ. ಬೀಗದ ಕೈಗಳು ಮಾತ್ರ ಬೇರೆ ಬೇರೆ ಇಲಾಖೆಗಳ ಸೊಂಟದಲ್ಲಿವೆ.

ಸರ್ಕಾರ ಬರಲಿ ಎಂದು ಕೈಕಟ್ಟಿ ಕೂತ ಜನ ಈ ದಂಡೆಯ ರೈತರಲ್ಲ. ಇದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ತಾವೇ ಬ್ಯಾರೇಜ್ ಕಟ್ಟಿದರು. ಹೆಸರು ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂಬ ಹೆಸರೇ ನಿಂತಿತು. 1991ರಲ್ಲಿ ಅವರು ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಕಲ್ಲು, ಸಿಮೆಂಟಿನ ಕೆಲಸವನ್ನು ಕೂಡಿ ಮಾಡಬಹುದಿತ್ತು, ಮಾಡಿದರು. ಉಪಗ್ರಹದ ಚಿತ್ರಕ್ಕೂ ಗೇಟಿನ ದಾಖಲೆಗೂ ವಂತಿಗೆ ಎತ್ತಲಾಗದು.

ಆದ್ದರಿಂದ ಕೋರಿಕೆ ಇಷ್ಟು. ನೀರಾವರಿ ನಿಗಮದ ಎಂಜಿನಿಯರು, ದೂರಸಂವೇದಿ ಕೇಂದ್ರದವರು, ಕಬ್ಬು ಬೆಳೆಯುವವರು ಹಿಪ್ಪರಗಿಯಲ್ಲಿ ಒಂದು ದಿನ ಕೂತು ಮೂರು ಪ್ರಶ್ನೆ ಬರೆಯಲಿ: ನೀರು ಯಾವ ಹೊಲಕ್ಕೆ ಯಾವಾಗ, ಸವಳು ಎಲ್ಲಿಯತನಕ ಹಬ್ಬಿದೆ, ಆಳೆತ್ತರ ದಾಟಿದ ಕಬ್ಬಿಗೆ ಡ್ರೋನ್‌ನಿಂದ ಔಷಧಿ ಹೊಡೆದರೆ ಬುಡಕ್ಕೆ ಇಳಿಯುತ್ತದೆಯೇ. ಅವು ಎಲಿವೇಟ್‌ನ ಮುಂದಿನ ಪ್ರಕಟಣೆಯಲ್ಲಿ ನಿಗಮದ ಹೆಸರಿನಲ್ಲೇ ಬರಲಿ. ಜತೆಗೆ, ಕೆಲಸ ಸರಿಯಾದರೆ ನಿಗಮ ಅದನ್ನು ಐದು ವರ್ಷ ಕೊಳ್ಳುತ್ತದೆ ಎಂಬ ಒಂದು ಸಾಲಿರಲಿ. ಪ್ರಕಟಣೆ ಡಿಸೆಂಬರಿನೊಳಗೆ ಹೊರಟರೆ ಆರು ತಿಂಗಳ ಮೊದಲ ಹಂತ ಜೂನ್‌ಗೆ ಮುಗಿಯುತ್ತದೆ. ಕೊಯ್ನಾ ತುಂಬುವುದು ಅದಾದ ಮೇಲೆ.