ಎಲೆಗೆ ಮೊದಲು, ಹೊಟ್ಟೆಗೆ ಕೊನೆಗೆ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರ ಮೇಲೆ ನಮ್ಮ ಜನಕ್ಕೆ ಒಂದು ಸಣ್ಣ ಸಿಟ್ಟು ಇದೆ. ಬೆವರು ಸುರಿಸದೆ, ಉಪವಾಸ ಮಾಡದೆ ತೆಳ್ಳಗಾಗಿಬಿಟ್ಟರಲ್ಲ ಅನ್ನೋ ಸಿಟ್ಟು. ಅದನ್ನು ಮುಖದ ಮೇಲೆ ಹೇಳೋಕೆ ಆಗಲ್ಲ. ಅದಕ್ಕೇ ಅವರ ತಟ್ಟೆ ನೋಡಿ ಹೇಳುತ್ತೇವೆ: "ಅಲ್ರೀ, ಆಪರೇಷನ್ ಆಗಿ ತಿಂಗಳು ಆಯ್ತು, ಇನ್ನೂ ತೊವ್ವೆ, ಮೊಸರು ಅಂತ ಕೂತಿದೀರಲ್ಲ. ಸಲಾಡ್ ತಿನ್ನಿ ಸಲಾಡ್! ಹಸಿ ತರಕಾರಿಗಿಂತ ಆರೋಗ್ಯ ಇನ್ನೇನಿದೆ?"

ಈ ಬರಹ ಆ ಒಂದು ಸಲಹೆಯ ವಿರುದ್ಧ. ನಮ್ಮ ಮನೆಯಲ್ಲೇ ಈ ಆಪರೇಷನ್ ಆಗಿದೆ, ಈ ಮಾತು ಎಷ್ಟು ಸಲ, ಎಷ್ಟು ಪ್ರೀತಿಯಿಂದ ಬರುತ್ತದೆ ಅಂತ ಗೊತ್ತಿದೆ. ಪ್ರೀತಿಯಿಂದ ಬಂದರೂ ಅದು ತಪ್ಪು ಸಲಹೆ. ಕೆಲವೊಮ್ಮೆ ಅಪಾಯದ ಸಲಹೆ ಕೂಡ.

ಮೊದಲು ಒಳಗೆ ಏನಾಗಿದೆ ಅಂತ ನೋಡಿ. ಸ್ಲೀವ್ ಆಪರೇಷನ್ ಅಂದರೆ ಜಠರದ ಸುಮಾರು ಶೇ. 75ರಿಂದ 80 ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಬೈಪಾಸ್ ಆದರೆ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣಕರುಳನ್ನು ನೇರವಾಗಿ ಜೋಡಿಸುತ್ತಾರೆ. 30 ಮಿಲಿಲೀಟರ್ ಅಂದರೆ ಎರಡು ದೊಡ್ಡ ಚಮಚ. ನಿಮ್ಮ ನನ್ನ ಜಠರ ರುಬ್ಬುವ ಕಲ್ಲಿನ ಹಾಗೆ ಕೆಲಸ ಮಾಡುತ್ತದೆ, ಅರೆಬರೆ ಅಗಿದು ನುಂಗಿದ್ದನ್ನೂ ಹಿಂಡಿ ಹಿಂಡಿ ನುಣ್ಣಗೆ ಮಾಡುತ್ತದೆ. ಇವರಲ್ಲಿ ಆ ಕಲ್ಲಿನ ಬಹುಭಾಗ ಈಗ ಕೆಲಸಕ್ಕಿಲ್ಲ. ಆ ಕೆಲಸವನ್ನು ಹಲ್ಲು ಮಾಡಬೇಕು, ಇಲ್ಲವೇ ಒಲೆ ಮಾಡಬೇಕು.

ಹಸಿ ತರಕಾರಿ ಒಲೆ ಕಾಣದ ಪದಾರ್ಥ. ಅದರ ನಾರನ್ನು ಕರಗಿಸುವ ರಸ ಮನುಷ್ಯನ ಹೊಟ್ಟೆಯಲ್ಲಿಲ್ಲ. ಬೇಯಿಸಿದರೆ ಅದು ಮೆತ್ತಗಾಗುತ್ತದೆ. ಹಸಿಯಾಗಿದ್ದರೆ ಚೂರು ಚೂರಾಗಿಯೇ ಇಳಿದು, ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎದೆಯ ನಡುವೆ ಕಲ್ಲು ಇಟ್ಟ ಹಾಗೆ ನೋವು, ಬಾಯಲ್ಲಿ ನೊರೆ, ಆಮೇಲೆ ವಾಂತಿ. ಅಪರೂಪಕ್ಕೆ ನಾರೆಲ್ಲ ಒಟ್ಟಾಗಿ ಉಂಡೆ ಕಟ್ಟಿ, ಎಂಡೋಸ್ಕೋಪಿ ಮಾಡಿ ತೆಗೆಯಬೇಕಾಗಿ ಬರುವುದೂ ಉಂಟು.

ಅದಕ್ಕೇ ಅಮೆರಿಕದ ಹೆಚ್ಚಿನ ಆಸ್ಪತ್ರೆಗಳು ಮೆಟ್ಟಿಲು ಮೆಟ್ಟಿಲಾಗಿ ಹೋಗಲು ಹೇಳುತ್ತವೆ. ಮೊದಲು ತಿಳಿ ನೀರು, ಆಮೇಲೆ ಗಟ್ಟಿ ದ್ರವ, ನಂತರ ನುಣ್ಣಗೆ ರುಬ್ಬಿದ್ದು, ನಂತರ ಮೆತ್ತಗಿನದು. ಸಾಮಾನ್ಯ ಗಟ್ಟಿ ಊಟಕ್ಕೆ ಬರುವಷ್ಟರಲ್ಲಿ ಆರರಿಂದ ಎಂಟು ವಾರ ಆಗಿರುತ್ತದೆ. ಹಸಿ ತರಕಾರಿ, ಸಿಪ್ಪೆ ಇರುವ ಹಣ್ಣು ಸಾಮಾನ್ಯವಾಗಿ ಈ ಸಾಲಿನ ತೀರಾ ಕೊನೆಯಲ್ಲಿರುತ್ತವೆ. ವಾರಗಳ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ನಿಮ್ಮ ಟೀಮ್ ಹೇಳಿದ ಲೆಕ್ಕವೇ ನಿಮಗೆ ಲೆಕ್ಕ. ನಮ್ಮ ಬಾಳೆಲೆಯ ಮೇಲೆ ಮೊದಮೊದಲು ಬಂದು ಕೂರುವ ಕೋಸಂಬರಿ, ಈ ಹೊಟ್ಟೆಗೆ ಕೊನೆಯ ಅತಿಥಿ. ಇಷ್ಟು ಸರಳ ವಿಷಯ.

ಆದರೂ ಸಲಾಡ್ ಸಲಾಡ್ ಅಂತ ಯಾಕೆ ಬಡಕೊಳ್ಳುತ್ತೇವೆ? ಯಾಕೆಂದರೆ ನಮಗೆ ಸಲಾಡ್ ಆಹಾರ ಅಲ್ಲ, ಪ್ರಾಯಶ್ಚಿತ್ತ. ದಪ್ಪ ಇದ್ದವರು ಪಾಪ ಮಾಡಿದ್ದಾರೆ, ಈಗ ಸೊಪ್ಪು ಮೇಯ್ದು ತೊಳ್ಕೋಬೇಕು ಅನ್ನೋ ಲೆಕ್ಕಾಚಾರ. ಹೊಟ್ಟೆಗೆ ಈ ಪಾಪಪುಣ್ಯದ ಲೆಕ್ಕ ಗೊತ್ತಿಲ್ಲ. ಅದಕ್ಕೆ ಗೊತ್ತಿರುವ ಲೆಕ್ಕ ಜಾಗದ್ದು. ಇವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತ ಡಯೆಟಿಷಿಯನ್‌ಗಳು ಹೇಳುತ್ತಾರೆ. ಒಂದು ಹೊತ್ತಿಗೆ ಒಳಗೆ ಹೋಗುವುದು ಮೊದಮೊದಲು ನಾಲ್ಕಾರು ಚಮಚ. 100 ಗ್ರಾಂ ಸೌತೆಕಾಯಿಯಲ್ಲಿ ಪ್ರೋಟೀನ್ 1 ಗ್ರಾಂ ಕೂಡ ಇಲ್ಲ, ಉಳಿದದ್ದು ಬಹುಪಾಲು ನೀರು. ಅರ್ಧ ಕಪ್ ಗಟ್ಟಿ ಹೆಸರುಬೇಳೆ ತೊವ್ವೆಯಲ್ಲಿ ಸುಮಾರು 7 ಗ್ರಾಂ ಇದೆ. 100 ಗ್ರಾಂ ಗ್ರೀಕ್ ಯೋಗರ್ಟ್‌ನಲ್ಲಿ ಸುಮಾರು 10. ಇರುವ ಜಾಗವನ್ನು ಸೌತೆಕಾಯಿಗೆ ಕೊಟ್ಟರೆ ಕರಗುವುದು ಬರೀ ಕೊಬ್ಬಲ್ಲ, ಸ್ನಾಯು ಕೂಡ. ನೀವು ಗೇಲಿ ಮಾಡಿದ ಆ ತೊವ್ವೆ, ಮೊಸರೇ ಅವರನ್ನು ನಿಲ್ಲಿಸಿರುವುದು ಸ್ವಾಮಿ.

ಹಾಗಂತ ತಪ್ಪೆಲ್ಲ ನಮ್ಮವರದ್ದೇ ಅಲ್ಲ. ಆಸ್ಪತ್ರೆಯಲ್ಲಿ ಕೈಗೆ ಕೊಡುವ ಹಾಳೆ ನೋಡಿದ್ದೀರಾ? ನಾನು ನೋಡಿದವುಗಳಲ್ಲಿ ಟ್ಯೂನಾ, ಟರ್ಕಿ, ಚಿಕನ್ ಬ್ರಾತ್, ಕಾಟೇಜ್ ಚೀಸ್, ಮೊಟ್ಟೆ. ಮೊಟ್ಟೆಯನ್ನೂ ಮುಟ್ಟದ ಮನೆಯವರು ಒಂದೊಂದೇ ಹೊಡೆದುಹಾಕುತ್ತಾ ಬಂದರೆ ಕೊನೆಗೆ ಪ್ರೋಟೀನ್ ಪೌಡರ್ ಒಂದೇ ಉಳಿಯುತ್ತದೆ. ಬೇಳೆ ಅನ್ನುವ ಪದಾರ್ಥ ಆ ಹಾಳೆಗಳಲ್ಲಿ ಇದ್ದರೆ 'ಬೀನ್ಸ್' ಅಂತ ಒಂದೇ ಪದ. ಇದರಲ್ಲಿ ಒಂದು ತಮಾಷೆ ನೋಡಿ. 2022ರಲ್ಲಿ ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಸರ್ಜನ್‌ಗಳ ಸಂಘಗಳು ಸೇರಿ ಹೊಸ ಮಾರ್ಗಸೂಚಿ ತಂದವು. ಏಷ್ಯಾ ಮೂಲದವರಿಗೆ ಬಿಎಂಐ 25 ಮುಟ್ಟಿದರೇ ಸ್ಥೂಲಕಾಯ ಅಂತ ಲೆಕ್ಕ ಹಾಕಬೇಕು, 27.5 ಮುಟ್ಟಿದವರಿಗೆ ಆಪರೇಷನ್ ಆಯ್ಕೆ ಕೊಡಬೇಕು ಅಂತ ಅದರಲ್ಲಿದೆ. ಅಂದರೆ ನಮ್ಮ ಮೈ ಬೇರೆ ಅಂತ ಒಪ್ಪಿಕೊಂಡಾಯ್ತು. ನಮ್ಮ ಅಡುಗೆಮನೆ ಬೇರೆ ಅಂತ ಹಾಳೆ ಬರೆಯುವವರು ಒಪ್ಪಿಕೊಳ್ಳುವುದು ಯಾವಾಗ?

"ಹಾಳೆ ಬಿಡಿ, ನಮ್ಮ ಊಟವೇ ಔಷಧ" ಅಂತ ಎದೆ ತಟ್ಟುವವರಿಗೂ ಒಂದು ಮಾತು. ರಾಗಿಮುದ್ದೆಯ ಇಡೀ ವಿದ್ಯೆ ಅಗಿಯದೆ ನುಂಗುವುದರಲ್ಲಿದೆ. ಈ ಆಪರೇಷನ್ ಆದವರ ಮೊದಲ ನಿಯಮ ನುಂಗುವ ಮುಂಚೆ ಇಪ್ಪತ್ತು ಮೂವತ್ತು ಸಲ ಅಗಿಯುವುದು. ಎರಡೂ ಒಟ್ಟಿಗೆ ಹೇಗೆ ನಡೆಯುತ್ತೆ? ಮೆತ್ತನೆ ಚಪಾತಿ, ಮುದ್ದೆಯಾದ ಅನ್ನ ಒಳಗೆ ಹೋಗಿ ಅಂಟಿನಂತೆ ಕೂರುತ್ತವೆ. ಪಾಯಸ ಕುಡಿದರೆ, ಅದರಲ್ಲೂ ಬೈಪಾಸ್ ಆದವರಿಗೆ, ಸಕ್ಕರೆ ದಡಕ್ಕನೆ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತು, ಭೇದಿ. ಊಟದ ಮಧ್ಯೆ ಲೋಟಗಟ್ಟಲೆ ನೀರು, ಮಜ್ಜಿಗೆ ಕುಡಿಯುವ ಅಭ್ಯಾಸವೂ ಬಿಡಬೇಕು. ಊಟ ಆಗಿ ಅರ್ಧ ಗಂಟೆ ಬಿಟ್ಟು, ಗುಟುಕು ಗುಟುಕಾಗಿ. ಇನ್ನು ಕೋಸಂಬರಿಯಲ್ಲಿರುವುದು ನೆನೆಸಿದ ಹಸಿ ಬೇಳೆ, ಹಸಿ ಸೌತೆಕಾಯಿ, ಹಸಿ ತೆಂಗಿನತುರಿ. ಮೂರೂ ಕಷ್ಟದವೇ.

ಆದರೆ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ರುಬ್ಬಿದ್ದು ತಿನ್ನುವ ಹಂತಕ್ಕೆ ನುಣ್ಣನೆ ತೊವ್ವೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು. ಮೆತ್ತಗಿನ ಹಂತಕ್ಕೆ ಕೈಯಲ್ಲೇ ಪುಡಿಯಾಗುವ ಪನೀರ್, ಮೆತ್ತನೆ ತೋಫು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ. ತರಕಾರಿಯಲ್ಲಿ ಸಿಪ್ಪೆ, ಬೀಜ ತೆಗೆದು ಬೇಯಿಸಿದ ಸೋರೆಕಾಯಿ, ಹೀರೇಕಾಯಿ, ಪಡವಲಕಾಯಿ, ಸೀಮೆಬದನೆಕಾಯಿ. ಇಲ್ಲಿನ ಇಂಡಿಯನ್ ಸ್ಟೋರ್‌ಗಳಲ್ಲಿ ಇವೆಲ್ಲ ಸಿಗುತ್ತವೆ. ಸೀಮೆಬದನೆಯಂತೂ ಚಯೋಟೆ ಹೆಸರಲ್ಲಿ ಮಾಮೂಲಿ ಅಂಗಡಿಯಲ್ಲೂ ಇರುತ್ತೆ. ನುಗ್ಗೆಕಾಯಿ, ಬಾಳೆದಿಂಡು, ಗೋರಿಕಾಯಿಯಂಥ ನಾರಿನವು ಬೆಂದಿದ್ದರೂ ಕಾಯಲಿ. ನಾರು ಬೇಡ್ವಾ, ಮಲಬದ್ಧತೆ ಆಗಲ್ವಾ ಅಂತ ಕೇಳುವವರಿದ್ದಾರೆ. ಬೇಕು. ಬೆಂದ ತರಕಾರಿಯಲ್ಲೂ ನಾರು ಇರುತ್ತೆ, ಬೇಯಿಸಿದ ಮಾತ್ರಕ್ಕೆ ಓಡಿಹೋಗಲ್ಲ.

ಹಸಿಯದನ್ನು ಶುರು ಮಾಡಲು ಟೀಮ್ ಒಪ್ಪಿದ ಮೇಲೆ ಕೂಡ ಒಂದು ಸಲಕ್ಕೆ ಒಂದೇ ಪದಾರ್ಥ. ಸಿಪ್ಪೆ, ಬೀಜ ತೆಗೆದ ಎಳೆ ಸೌತೆಕಾಯಿ, ಒಂದು ಚಮಚ, ಪ್ರೋಟೀನ್ ತಿಂದಾದ ಮೇಲೆ. ಮನೆಯಲ್ಲಿ, ಹಗಲಲ್ಲಿ, ಯಾರೂ ನೋಡದೆ ಇರುವಾಗ. ಬಾಯಲ್ಲೇ ಚಟ್ನಿ ಆಗುವ ತನಕ ಅಗಿಯಬೇಕು. ಒಗ್ಗಿದರೆ ನಾಲ್ಕು ದಿನ ಬಿಟ್ಟು ಮತ್ತೊಂದು. ಒಗ್ಗದಿದ್ದರೆ ಬೆಂದದ್ದಕ್ಕೆ ವಾಪಸ್ ಬಂದು, ಎರಡು ವಾರ ಬಿಟ್ಟು ಇನ್ನೊಮ್ಮೆ. ಕೋಸಂಬರಿ ಬೇಕೇ ಬೇಕು ಅನಿಸಿದರೆ ಹೆಸರುಬೇಳೆಯನ್ನು ಮೆತ್ತಗಾಗುವ ಹಾಗೆ ಬೇಯಿಸಿಕೊಳ್ಳಿ, ಕಾಯಿತುರಿ ಕಡಿಮೆ ಹಾಕಿ. ಮಡಿವಂತರು ಅದನ್ನು ಕೋಸಂಬರಿ ಅನ್ನದೇ ಇದ್ದರೂ ಪರವಾಗಿಲ್ಲ.

ಈಗ ಬಡಿಸುವವರ ವಿಷಯ. "ಇನ್ನೊಂದು ತುತ್ತು, ನನಗೋಸ್ಕರ" ಅನ್ನೋದು ನಮ್ಮಲ್ಲಿ ಉಪಚಾರ. ಈ ಹೊಟ್ಟೆಗೆ ಆ ಇನ್ನೊಂದು ತುತ್ತೇ ವಾಂತಿ. ಅಮ್ಮಂದಿರೇ, ಅತ್ತೆಯರೇ, ಆರು ತಿಂಗಳ ವೀಸಾದಲ್ಲಿ ಬಂದು ಮಗಳನ್ನೋ ಸೊಸೆಯನ್ನೋ ನೋಡಿಕೊಳ್ಳುತ್ತಿರುವವರೇ, ದಯವಿಟ್ಟು ಕೇಳಿ. ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಅದು "ಅಭ್ಯಾಸ ಆಗೋವರೆಗೂ ಹಾಗೇನೇ" ಅನ್ನುವ ವಿಷಯ ಅಲ್ಲ. ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಕೆಲವೇ ವಾರಗಳಲ್ಲಿ ಖಾಲಿಯಾಗಿ ಮೆದುಳಿಗೇ ಪೆಟ್ಟು ಬೀಳಬಹುದು. ನಡಿಗೆ ತಪ್ಪುವುದು, ಕಣ್ಣು ಮಂಜಾಗುವುದು, ಗಲಿಬಿಲಿ ಕಂಡರೆ ಕಷಾಯ ಮಾಡುತ್ತಾ ಕೂರಬೇಡಿ, ಆ ಗಳಿಗೆಯಲ್ಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಯಾವ ಆಪರೇಷನ್ ಆಗಿದೆ ಅಂತ ಮೊದಲು ಹೇಳಿ.

ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡಿರುವವರಿಗೆ ನನ್ನದೊಂದು ಕೋರಿಕೆ. ಡಯೆಟಿಷಿಯನ್ ಎದುರು ನಾಚಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ವಾರವಿಡೀ ಏನೇನು ಬೇಯುತ್ತೆ ಅಂತ ಬರೆದುಕೊಂಡು ಹೋಗಿ, ಯಾವುದು ಯಾವ ವಾರಕ್ಕೆ ಅಂತ ಅವರ ಕೈಯಲ್ಲೇ ಗುರುತು ಹಾಕಿಸಿಕೊಳ್ಳಿ. ನಮ್ಮ ಸಂಘಗಳಿಗೂ ಒಂದು ಪ್ರಶ್ನೆ. ಡಾಕ್ಟರ್‌ಗಳಿಗೆ ನಮ್ಮಲ್ಲಿ ಬರವಿಲ್ಲ. ಪ್ರತಿ ವರ್ಷ ಹೆಲ್ತ್ ಕ್ಯಾಂಪ್ ಮಾಡಿ ಬಿಪಿ ನೋಡುತ್ತೇವೆ. ತೊವ್ವೆಯಿಂದ ಕೋಸಂಬರಿಯವರೆಗೆ ಒಂದು ಹಾಳೆ, ಕನ್ನಡದಲ್ಲಿ, ಯಾಕೆ ಆಗಿಲ್ಲ?

ಉಳಿದವರು ಮಾಡಬೇಕಾದ್ದು ಕಡಿಮೆ. ಇಂಥವರು ಊಟಕ್ಕೆ ಬಂದಾಗ ಒಗ್ಗರಣೆಗೂ ಮುಂಚೆ ಒಂದು ಬಟ್ಟಲು ತೊವ್ವೆ ಬೇರೆ ತೆಗೆದಿಡಿ, ಒಂದು ಚಿಕ್ಕ ಚಮಚ ಕೊಡಿ, ಎಷ್ಟು ಕೆಜಿ ಇಳಿದ್ರಿ ಅಂತ ಕೇಳಬೇಡಿ. ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದರೆ ಏಳೋಕೆ ಬಿಡಿ.