ಮನೆ ಮುಂದೆ ಪಿಕಪ್ ಇರಲಿ, ಹಿಂದೆ ಮಕ್ಕಳು ಬೇಡ

ಕಳೆದ ಭಾನುವಾರ ಸಂಜೆ ಬಿ.ಸಿ. ರೋಡ್ ಕಡೆಯಿಂದ ಬರುವಾಗ ನಮ್ಮ ಮುಂದೆ ಒಂದು ಸಣ್ಣ ಪಿಕಪ್ ಹೋಗುತ್ತಿತ್ತು. ಹಳದಿ ಬೋರ್ಡ್, ಹಿಂದಿನ ಬಾಡಿಗೆ ನೀಲಿ ಟಾರ್ಪಾಲು. ಗಾಳಿಗೆ ಟಾರ್ಪಾಲು ಎದ್ದಾಗ ಒಳಗೆ ಕಂಡದ್ದು ಅಡಿಕೆ ಗೋಣಿಯಲ್ಲ, ತರಕಾರಿ ಕ್ರೇಟೂ ಅಲ್ಲ. ಮದುವೆ ಮನೆಯಿಂದ ಹಿಂದಿರುಗುತ್ತಿದ್ದ ಹೆಂಗಸರು, ಅವರ ಮಡಿಲಲ್ಲಿ ಮಕ್ಕಳು, ಎಲ್ಲ ಸೇರಿ ಹತ್ತು ಹನ್ನೆರಡು ಮಂದಿ. ಹಿಂದಿನ ಬಾಗಿಲಿಗೆ ಒರಗಿ ನಿಂತಿದ್ದ ಹುಡುಗನೊಬ್ಬ ನಮಗೆ ಕೈ ಬೀಸಿದ. ನಾವೂ ಬೀಸಿದೆವು. ಬೀಸಿದ ಮೇಲೆ ಮನಸ್ಸಿಗೆ ಕಸಿವಿಸಿಯಾಯಿತು.

ಮೊದಲೇ ಹೇಳಿಬಿಡುತ್ತೇವೆ, ಪಿಕಪ್ ಬೇಡ ಎನ್ನಲಿಕ್ಕೆ ಈ ಬರಹ ಅಲ್ಲ. ನಮ್ಮ ಸಮುದಾಯಕ್ಕೆ ಪಿಕಪ್ ಮಾಡಿದ ಉಪಕಾರ ಸಣ್ಣದಲ್ಲ. ಬ್ಯಾರಿ ಎಂಬ ಹೆಸರೇ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂದದ್ದು ಎಂದು ಹೇಳುವವರಿದ್ದಾರೆ. ಆ ವ್ಯಾಪಾರ ಮೊದಲು ತಲೆಹೊರೆಯಲ್ಲಿ ನಡೆಯಿತು, ಆಮೇಲೆ ಸೈಕಲಿನ ಕ್ಯಾರಿಯರ್ ಮೇಲೆ, ಆಮೇಲೆ ಎಂ-80ಯ ಹಿಂದೆ ಕಟ್ಟಿದ ಮೀನಿನ ಬುಟ್ಟಿಯಲ್ಲಿ, ಆಮೇಲೆ ಗೂಡ್ಸ್ ರಿಕ್ಷಾದಲ್ಲಿ. 2005ರಲ್ಲಿ ಟಾಟಾ ಏಸ್ ಬಂತು. ‘ಛೋಟಾ ಹಾಥಿ’ ಎಂದು ಊರಿಗೆ ಊರೇ ಕರೆದ ಆ ಗಾಡಿಗೆ ಎರಡು ಸಿಲಿಂಡರಿನ ಸಣ್ಣ ಎಂಜಿನ್, ಹೊರುವ ತಾಕತ್ತು ಸುಮಾರು ಮುಕ್ಕಾಲು ಟನ್. ಲಾರಿ ಹೋಗದ ಗಲ್ಲಿಗೆ ಅದು ಹೋಯಿತು, ರಿಕ್ಷಾ ಏರದ ಗುಡ್ಡವನ್ನು ಅದು ಏರಿತು. ಅದರ ಹಿಂದೆಯೇ ದೋಸ್ತ್, ಜೀತೊ, ಸೂಪರ್ ಕ್ಯಾರಿ ಎಲ್ಲ ಬಂದವು. ಬೊಲೆರೊ ಪಿಕಪ್ ಅಂತೂ ಘಟ್ಟದ ಕೆಳಗೆ ಎಲ್ಲಿ ನೋಡಿದರೂ ಉಂಟು. ದಕ್ಕೆಯ ಮೀನು, ಬೈಕಂಪಾಡಿ ಯಾರ್ಡಿನ ಈರುಳ್ಳಿ, ವಿಟ್ಲ ಪುತ್ತೂರಿನ ಅಡಿಕೆ, ಗುಜರಿ, ಹಣ್ಣು, ಶಾಮಿಯಾನ, ಪ್ಲಂಬಿಂಗ್ ಪೈಪು, ಎಲ್ಲವೂ ಇವತ್ತು ಇದೇ ಸಣ್ಣ ಗಾಡಿಗಳ ಮೇಲೆಯೇ ಓಡುತ್ತಿದೆ. ಗಲ್ಫಿನಿಂದ ಕೆಲಸ ಬಿಟ್ಟು ಬಂದ ಎಷ್ಟೋ ಮಂದಿಯ ಮನೆಯ ಒಲೆ ಇದರಿಂದ ಉರಿಯುತ್ತಿದೆ.

ಆದರೂ ನಮ್ಮಲ್ಲಿ ಒಂದು ನಾಚಿಕೆ ಉಂಟು. ಊರಿಗೆ ಬಂದ ಹುಡುಗ ಕೈಯಲ್ಲಿದ್ದ ದುಡ್ಡಿಗೆ ಕಾರು ತೆಗೆದರೆ ‘ಸೆಟಲ್ ಆದ’ ಎನ್ನುತ್ತೇವೆ, ಪಿಕಪ್ ತೆಗೆದರೆ ‘ಪಾಪ, ಡ್ರೈವರ್ ಆದ’ ಎನ್ನುತ್ತೇವೆ. ಹೆಣ್ಣು ನೋಡಲು ಹೋಗುವಾಗ ಗಾಡಿಯನ್ನು ದೂರದಲ್ಲಿ ನಿಲ್ಲಿಸಿ ನಡೆದು ಹೋದವರನ್ನೂ ನಾವು ಕಂಡಿದ್ದೇವೆ. ಇದೇ ಹುಡುಗ ಸೌದಿಯಲ್ಲಿ ಹತ್ತು ವರ್ಷ ಹೈಲಕ್ಸ್ ಓಡಿಸಿದಾಗ ಯಾರಿಗೂ ಮರ್ಯಾದೆ ಕಡಿಮೆ ಅನಿಸಿರಲಿಲ್ಲ! ಅಂಗಳದಲ್ಲಿ ಕವರ್ ಹೊದ್ದು ಮಲಗಿದ ಕಾರಿಗಿಂತ ಬೆಳಿಗ್ಗೆ ನಾಲ್ಕಕ್ಕೆ ದಕ್ಕೆಗೆ ಹೊರಡುವ ಪಿಕಪ್ ಮೇಲು ಎಂಬುದು ನಮ್ಮ ಅಭಿಪ್ರಾಯ. ಈ ಮಾತಿನಲ್ಲಿ ನಮಗೆ ಸಂಶಯ ಇಲ್ಲ.

ತೊಂದರೆ ಶುರುವಾಗುವುದು ಒಂದೇ ಗಾಡಿಗೆ ಎರಡು ಕೆಲಸ ಹಚ್ಚುವಾಗ. ವಾರವಿಡೀ ಅಂಗಡಿಗೆ ಹೋಗಿ ಬರಲಿಕ್ಕೆ, ಸಾಮಾನು ತರಲಿಕ್ಕೆ ಅದೇ ಗಾಡಿ. ಸರಿ. ಭಾನುವಾರ ಬಂದರೆ ಉಮ್ಮನನ್ನು ಆಸ್ಪತ್ರೆಗೆ, ಹೆಂಡತಿಯನ್ನು ತವರಿಗೆ, ಮಕ್ಕಳನ್ನು ಕಡಲ ತೀರಕ್ಕೆ ಕರೆದುಕೊಂಡು ಹೋಗಲಿಕ್ಕೂ ಅದೇ ಗಾಡಿ. ಏಸಿನಂಥ ಗಾಡಿಯ ಕ್ಯಾಬಿನ್‌ನಲ್ಲಿ ಇರುವುದು ಡ್ರೈವರ್ ಮತ್ತು ಇನ್ನೊಬ್ಬರಿಗೆ ಸೀಟು. ಮನೆಯಲ್ಲಿ ಆರು ಮಂದಿ. ಉಳಿದ ನಾಲ್ವರು ಎಲ್ಲಿ ಕೂರಬೇಕು? ಹಿಂದೆ ಒಂದು ಚಾಪೆ ಹಾಸಿದರೆ ಆಯಿತು, ‘ಇಲ್ಲೇ ಹತ್ತಿರ ಅಲ್ವಾ ಕಾಕ’ ಎಂಬ ಮಾತು ಸಿದ್ಧವಾಗಿಯೇ ಉಂಟು. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ. ಬಸ್ಸಿಲ್ಲದ ಒಳ ಊರುಗಳಲ್ಲಿ ಬೇರೆ ದಾರಿ ಕಾಣುವುದಿಲ್ಲ ಎಂಬುದೂ ನಿಜ.

ಆದರೆ ಗಾಡಿಗೆ ಈ ಪ್ರೀತಿ ಗೊತ್ತಾಗುವುದಿಲ್ಲ. ಹಿಂದಿನ ಪಟ್ಟಿ ಸ್ಪ್ರಿಂಗುಗಳನ್ನು ಮಾಡಿದ್ದು ಭಾರ ಹೊರಲಿಕ್ಕೆ. ಭಾರ ಇಲ್ಲದಿದ್ದರೆ ಹಿಂಭಾಗ ಎಗರುತ್ತದೆ, ಮಳೆಯಲ್ಲಿ ಗಟ್ಟಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಜಾರುತ್ತದೆ. ಇನ್ನು ಜನ ನಿಂತರೆ ಭಾರ ಎತ್ತರದಲ್ಲಿರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಬದಿಗೆ ವಾಲುತ್ತಾರೆ. ಗೋಣಿಯನ್ನಾದರೆ ಹಗ್ಗ ಹಾಕಿ ಕಟ್ಟಬಹುದು, ಮನುಷ್ಯರನ್ನು ಕಟ್ಟಲಿಕ್ಕೆ ಆಗುತ್ತದಾ? ಹಿಂದೆ ಸೀಟಿಲ್ಲ, ಬೆಲ್ಟಿಲ್ಲ, ತಲೆಯ ಮೇಲೆ ತಗಡೂ ಇಲ್ಲ. ಗಾಡಿ ಮಗುಚಿದರೆ ಮೊದಲು ಹೊರಗೆ ಬೀಳುವುದು ಹಗುರ ಇರುವವರು, ಅಂದರೆ ಮಕ್ಕಳು.

ಅಪಘಾತದ ಮೇಲೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ‘ಇನ್ಶೂರೆನ್ಸ್ ಉಂಟಲ್ಲ’ ಎಂದುಕೊಂಡಿರುತ್ತೇವೆ. ಉಂಟು, ಆದರೆ ಅದು ಸರಕು ಗಾಡಿಯ ಇನ್ಶೂರೆನ್ಸ್. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದ್ದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. 1994ರ ತಿದ್ದುಪಡಿಯಿಂದ ಒಂದು ರಿಯಾಯಿತಿ ಸಿಕ್ಕಿದೆ. ಗಾಡಿಯಲ್ಲಿರುವ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿ ಜೊತೆಯಲ್ಲಿ ಪ್ರಯಾಣಿಸುತ್ತಿದ್ದರೆ ಅವನಿಗೆ ರಕ್ಷಣೆ ಉಂಟು. ಅದೂ ಅವನು ಕ್ಯಾಬಿನ್‌ನಲ್ಲಿ ಕೂತಿದ್ದರೆ ಮಾತ್ರ ಎಂದು ಮುಂದಿನ ತೀರ್ಪೊಂದು ಬಿಗಿ ಮಾಡಿದೆ. ಮದುವೆಗೆ ಹೊರಟ ಹೆಂಗಸರನ್ನು ಸರಕಿನ ಮಾಲೀಕರೆಂದು ಯಾವ ವಕೀಲರೂ ತೋರಿಸಲಾರರು.

ಹಾಗಾದರೆ ಗಾಯಾಳುವಿಗೆ ಪರಿಹಾರ ಕೊಡುವವರು ಯಾರು? ಗಾಡಿಯ ಮಾಲೀಕ. ಕೆಲವು ಪ್ರಕರಣಗಳಲ್ಲಿ ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟುಗಳು ಹೇಳಿದ್ದುಂಟು. ಆಗಲೂ ಕೊನೆಗೆ ಭಾರ ಬೀಳುವುದು ಅದೇ ಮನೆಯ ಮೇಲೆ. ಈಗ ಯೋಚಿಸಿ. ಹಿಂದೆ ಕೂತಿದ್ದವರು ಪರಕೀಯರಲ್ಲ. ಅಣ್ಣನ ಹೆಂಡತಿ, ತಂಗಿಯ ಮಕ್ಕಳು, ಪಕ್ಕದ ಮನೆಯವರು. ಕಾಲು ಮುರಿದ ಅತ್ತಿಗೆಗೆ ಆಪರೇಷನ್ ಖರ್ಚು ಬೇಕು, ಅವರು ನ್ಯಾಯಮಂಡಳಿಗೆ ಹೋಗಬೇಕು. ಎದುರು ಪಕ್ಷದಲ್ಲಿ ಮೈದುನನ ಹೆಸರು! ಅವನು ಬಾಡಿಗೆ ಕೂಡ ತೆಗೆದುಕೊಂಡಿರುವುದಿಲ್ಲ. ಪ್ರೀತಿಯಿಂದ ಕರೆದುಕೊಂಡು ಹೋದದ್ದಕ್ಕೆ ಹತ್ತು ಸೆಂಟ್ಸ್ ಜಾಗ ಮಾರುವ ಪರಿಸ್ಥಿತಿ. ಕೇಸು ಹಾಕದಿದ್ದರೆ ಅತ್ತಿಗೆಯ ಕಾಲಿಗೆ ದುಡ್ಡಿಲ್ಲ, ಹಾಕಿದರೆ ಎರಡು ಮನೆಗಳ ನಡುವೆ ಮಾತಿಲ್ಲ.

ಹಾಗೆಂದು ಗಾಡಿಯನ್ನೇ ದೂರ ಮಾಡುವ ಅಗತ್ಯ ಇಲ್ಲ. ತೆಗೆಯುವ ಮೊದಲು ಲೆಕ್ಕ ಸರಿಯಾಗಿ ಮಾಡಿದರೆ ಅರ್ಧ ತೊಂದರೆ ಅಲ್ಲೇ ಕಡಿಮೆಯಾಗುತ್ತದೆ. ‘ಸ್ವಂತ ಸಾಮಾನಿಗೆ ಮಾತ್ರ, ಬಾಡಿಗೆಗೆ ಓಡಿಸುವುದಿಲ್ಲ, ಬಿಳಿ ಬೋರ್ಡ್ ಸಿಗುತ್ತದಾ’ ಎಂದು ಕೇಳುವವರು ಬಹಳ. ಸರಕು ಹೊರಲೆಂದೇ ಮಾಡಿದ ಗಾಡಿ ಕಾನೂನಿನ ಕಣ್ಣಿಗೆ ಸಾರಿಗೆ ವಾಹನ, ಅದರಲ್ಲಿ ಹೋಗುವುದು ನಿಮ್ಮದೇ ಮೂಟೆಯಾದರೂ ಹಳದಿ ಬೋರ್ಡೇ. ಒಟ್ಟು ತೂಕ, ಅಂದರೆ ಗಾಡಿ ಮತ್ತು ಸರಕು ಸೇರಿ, 3,000 ಕೆಜಿ ಮೀರದಿದ್ದರೆ ಪರ್ಮಿಟ್ ಬೇಡ. ಏಸ್ ಇದರೊಳಗೆ ಬರುತ್ತದೆ, ದೊಡ್ಡ ಪಿಕಪ್‌ಗಳಲ್ಲಿ ಕೆಲವು ಈ ಗೆರೆ ದಾಟುತ್ತವೆ. ಆರ್‌ಸಿಯಲ್ಲಿ ಬರೆದ ತೂಕ ನೋಡಿಯೇ ಮುಂದುವರಿಯಿರಿ. ಫಿಟ್ನೆಸ್ ಮಾತ್ರ ಯಾರಿಗೂ ತಪ್ಪುವುದಿಲ್ಲ. ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ.

ವಿಮೆಯ ವಿಷಯದಲ್ಲಿ ಕಾರಿಗೂ ಪಿಕಪ್‌ಗೂ ಅಜಗಜಾಂತರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1,000ದಿಂದ 1,500 ಸಿಸಿವರೆಗಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 3,416 ರೂಪಾಯಿ. 7,500 ಕೆಜಿ ಒಳಗಿನ, ಬಾಡಿಗೆಗೆ ಓಡುವ ಸರಕು ಗಾಡಿಗೆ 16,049 ರೂಪಾಯಿ. ಜಿಎಸ್‌ಟಿ ಬೇರೆ. ಅಂದರೆ ಅಂಗಳದಲ್ಲಿ ಸುಮ್ಮನೆ ನಿಂತರೂ ದಿನಕ್ಕೆ 44 ರೂಪಾಯಿ ಹೋಗುತ್ತದೆ, ಡೀಸೆಲ್ ಹಾಕುವ ಮೊದಲೇ. ವಾರಕ್ಕೆ ಒಂದೆರಡು ಸಲ ಮಾತ್ರ ಸಾಮಾನು ತರುವ ಅಂಗಡಿಯವರಿಗೆ ನಮ್ಮ ಸಲಹೆ ಇಷ್ಟೇ: ಹೋಗಿ ಬರಲಿಕ್ಕೆ ಬೈಕ್ ಇಟ್ಟುಕೊಳ್ಳಿ, ಸಾಮಾನಿಗೆ ಊರಿನದ್ದೇ ಹುಡುಗನ ಪಿಕಪ್ ಬಾಡಿಗೆಗೆ ಕರೆಯಿರಿ. ಅವನಿಗೂ ಒಂದು ಟ್ರಿಪ್ ಸಿಗುತ್ತದೆ. ದಿನಾ ಲೋಡ್ ಉಂಟು ಎನ್ನುವವರು ಧೈರ್ಯವಾಗಿ ತೆಗೆಯಿರಿ. ಲೋಡಿಂಗಿಗೆ ಜನ ಇಟ್ಟುಕೊಂಡಿದ್ದರೆ ಅವರು ಪಾಲಿಸಿಯೊಳಗೆ ಬರುತ್ತಾರಾ, ಎಷ್ಟು ಮಂದಿ ಬರುತ್ತಾರೆ ಎಂದು ಏಜೆಂಟರನ್ನು ಕೂರಿಸಿ ಕೇಳಿ, ಪಾಲಿಸಿಯ ಕಾಗದದಲ್ಲೇ ತೋರಿಸಲು ಹೇಳಿ.

ಸೆಕೆಂಡ್ ಹ್ಯಾಂಡ್ ತೆಗೆಯುವವರು ನಮ್ಮಲ್ಲಿ ಜಾಸ್ತಿ. ಬಡ್ಡಿಯ ಸಾಲ ಬೇಡ ಎಂದು ಕೈಯಲ್ಲಿದ್ದಷ್ಟಕ್ಕೆ ಹಳೆಯದನ್ನು ಕೊಳ್ಳುವ ಮನೆಗಳೂ ಇವೆ. ಅದು ಒಳ್ಳೆಯದೇ, ಆದರೆ ಮೀನಿಗೆ ಓಡಿದ ಗಾಡಿಯಾದರೆ ಬಾಡಿಯ ಅಡಿಗೆ ಬಗ್ಗಿ ನೋಡಿ. ಐಸ್ ಕರಗಿದ ಉಪ್ಪು ನೀರು ಮೇಲೆ ಬಣ್ಣ ಉಳಿಸಿ ಕೆಳಗಿನಿಂದ ತಗಡು ತಿನ್ನುತ್ತದೆ. ಚಾಸಿಗೆ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಅವರ ಚಹಾದ ದುಡ್ಡು ನಷ್ಟವಲ್ಲ. ಕಾಸರಗೋಡಿನ ಕಡೆಯ ಕೆಎಲ್-14 ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದು ತರುವವರು ಅಲ್ಲಿಯ ನಿರಾಕ್ಷೇಪಣಾ ಪತ್ರ ಮತ್ತು ಇಲ್ಲಿಯ ತೆರಿಗೆಯನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ಮಾರುವವರಿಗೂ ಒಂದು ಮಾತು. ‘ನಮ್ಮವನೇ ಅಲ್ವಾ, ಆಮೇಲೆ ಹೆಸರು ಬದಲಿಸಿಕೊಳ್ಳುತ್ತಾನೆ’ ಎಂದು ಕೀ ಕೊಟ್ಟು ಬರಬೇಡಿ. ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಮತ್ತೊಮ್ಮೆ ಸ್ಪಷ್ಟ ಮಾಡಿದೆ. ನೀವು ಮಾರಿ ಎರಡು ವರ್ಷವಾದ ಮೇಲೆ ಇನ್ಯಾರೋ ಮಾಡಿದ ಅಪಘಾತಕ್ಕೆ ನೋಟಿಸು ನಿಮ್ಮ ಬಾಗಿಲಿಗೆ ಬರಬಹುದು. ಫಾರ್ಮ್ 29, 30ಕ್ಕೆ ಸಹಿ ಹಾಕಿ ಆರ್‌ಟಿಒಗೆ ಸೇರಿಸುವವರೆಗೆ ವ್ಯಾಪಾರ ಮುಗಿಯಲಿಲ್ಲ ಎಂದೇ ತಿಳಿಯಿರಿ.

ಲೈಸೆನ್ಸಿನ ಗೊಂದಲ ಮಾತ್ರ ಈಗ ತಿಳಿಯಾಗಿದೆ. ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಬ್ಯಾಡ್ಜ್ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವ ದಾರಿ ಇದರಿಂದ ಮುಚ್ಚಿತು.

ಭಾರದ ಬಗ್ಗೆಯೂ ನಮ್ಮವರಿಗೆ ಧಾರಾಳತನ ಜಾಸ್ತಿ. ಮುಕ್ಕಾಲು ಟನ್ ಎಂದರೆ 50 ಕೆಜಿಯ 15 ಸಿಮೆಂಟ್ ಮೂಟೆ. ಜಾಗ ಖಾಲಿ ಕಾಣುತ್ತದೆ ಎಂದು ಇನ್ನೂ ಹತ್ತು ಏರಿಸುತ್ತೇವೆ. ಕೆಂಪು ಕಲ್ಲಿನ ವಿಷಯದಲ್ಲಿ ಕೇಳುವುದೇ ಬೇಡ. 2019ರ ತಿದ್ದುಪಡಿಯಾದ ಮೇಲೆ ಕಾಯ್ದೆಯಲ್ಲಿ ಅಧಿಕ ಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ಬೇರೆ ಎಂದಿದೆ. ದಂಡದ ಮಾತು ಬಿಡಿ, ಚಾರ್ಮಾಡಿ ಇಳಿಯುವಾಗ ಬ್ರೇಕ್ ಕಾದು ಹಿಡಿಯದಿದ್ದರೆ ರಸೀದಿ ಕೊಡುವವರು ಯಾರೂ ಇರುವುದಿಲ್ಲ.

ಇನ್ನು ಮನೆಯವರನ್ನು ಕರೆದುಕೊಂಡು ಹೋಗುವ ಪ್ರಶ್ನೆ. ಎರಡು ಸಾಲು ಸೀಟಿನ ಪಿಕಪ್ ಇಲ್ಲವೇ ಎಂದು ಕೇಳಬಹುದು. ಉಂಟು. ಬೊಲೆರೊ ಕ್ಯಾಂಪರ್, ಟಾಟಾ ಯೋಧದ ಕ್ರೂ ಕ್ಯಾಬ್ ಇಂಥವು. ಹಿಂದಿನ ಬಾಡಿ ಸ್ವಲ್ಪ ಗಿಡ್ಡ, ಒಳಗೆ ಐವರಿಗೆ ಸೀಟು. ಆರ್‌ಸಿಯಲ್ಲಿ ಬರೆದ ಸೀಟಿನಷ್ಟೇ ಜನ ಕೂತು, ಆ ಸೀಟುಗಳಿಗೆ ಪಾಲಿಸಿಯಲ್ಲಿ ರಕ್ಷಣೆ ಉಂಟೆಂದು ಖಾತ್ರಿ ಮಾಡಿಕೊಂಡರೆ, ಕೆಲಸಕ್ಕೂ ಮನೆಗೂ ಒಂದೇ ಗಾಡಿ ಬೇಕೆನ್ನುವವರಿಗೆ ಇದು ನೋಡಬಹುದಾದ ದಾರಿ. ಇಸುಜು ವಿ-ಕ್ರಾಸ್, ಹೈಲಕ್ಸ್ ಬಿಳಿ ಬೋರ್ಡಿಗೆ ಸಿಗುತ್ತವೆ, ಆದರೆ 20 ಲಕ್ಷದ ಮೇಲಿನ ಮಾತು. ಮೀನಿನ ವ್ಯಾಪಾರಿಗೆ ಹೇಳುವುದಲ್ಲ.

ಮಳೆ ಮುಗಿದರೆ ಮದುವೆಗಳು ಸಾಲುಗಟ್ಟಿ ಬರುತ್ತವೆ. ಮದುವೆ ಮನೆಯ ಖರ್ಚಿನ ಚೀಟಿಯನ್ನು ನಾವು ನೋಡಿದ್ದೇವೆ. ಹಾಲಿನ ಬಾಡಿಗೆ, ಶಾಮಿಯಾನ, ಲೈಟು, ಬಿರಿಯಾನಿ, ವೀಡಿಯೊ ಎಲ್ಲದಕ್ಕೂ ಒಂದೊಂದು ಸಾಲು, ಒಂದೊಂದು ಮೊತ್ತ. ಜನರ ಗಾಡಿ ಎಂಬಲ್ಲಿ ‘ನಮ್ಮದೇ ಪಿಕಪ್’ ಎಂದು ಬರೆದು ಮುಂದೆ ಸೊನ್ನೆ ಹಾಕಿರುತ್ತಾರೆ. ಈ ಸಲ ಆ ಸಾಲಿನಲ್ಲಿ ಒಂದು ಮಿನಿ ಬಸ್ಸಿನ ಬಾಡಿಗೆ ಬರೆಯಿರಿ, ವೀಡಿಯೊದಲ್ಲಿ ಸ್ವಲ್ಪ ಕಡಿಮೆ ಮಾಡಿ. ಒಬ್ಬರಿಗೆ ಭಾರವಾದರೆ ಆ ಕಡೆಯಿಂದ ಹೊರಡುವ ನಾಲ್ಕೈದು ಮನೆಯವರು ಹಂಚಿಕೊಳ್ಳಲಿ. ಮೊಹಲ್ಲಾದ ಜಮಾಅತ್ ಕಮಿಟಿಯವರು ಮದುವೆಯ ದಿನ ಗೊತ್ತುಮಾಡಲು ಬಂದವರನ್ನು ‘ಹೆಂಗಸರು ಮಕ್ಕಳಿಗೆ ಗಾಡಿ ಯಾವುದು’ ಎಂದು ಒಂದು ಸಲ ಕೇಳಿದರೂ ಸಾಕು. ಪಿಕಪ್ ಬಿರಿಯಾನಿ ಪಾತ್ರೆ, ಕುರ್ಚಿ, ತಾಟುಗಳನ್ನು ಹೊತ್ತುಕೊಂಡು ಒಂದು ಗಂಟೆ ಮೊದಲೇ ಹೊರಡಲಿ.