ಪೆಂಡಾಲಿಗೆ ಹಣವುಂಟು, ಗ್ಲೌಸಿಗೆ ಇಲ್ಲ

ಹುಕ್ಕೇರಿ, ಗೋಕಾಕ, ಮೂಡಲಗಿಯ ಪೇಟೆಗಳಲ್ಲಿ ಅಂಗಡಿಯಿಟ್ಟು ಕುಳಿತ ಯಾವ ವರ್ತಕ ಬಂಧುವನ್ನಾದರೂ ಕೇಳಿರಿ. ಸುಗ್ಗಿ ಮುಗಿದು ಬಿಸಿಲೇರುವ ಹೊತ್ತಿಗೆ ನಾಲ್ಕಾರು ತರುಣರು ಪಾವತಿ ಪುಸ್ತಕ ಹಿಡಿದು ಕಟ್ಟೆ ಹತ್ತುತ್ತಾರೆ. ಯಾರೋ ಪುಢಾರಿಯ ಹೆಸರಿನಲ್ಲಿ ಕ್ರಿಕೆಟ್ ಪಂದ್ಯಾವಳಿ. ಪಟ್ಟಿ ಕೊಡದಿದ್ದರೆ ನಾಳೆ ಊರಲ್ಲಿ ಮುಖ ತೋರಿಸುವುದು ಹೇಗೆ? ಎಣ್ಣೆ-ಬೇಳೆಯ ಅಂಗಡಿಕಾರನೂ ಕೊಡುತ್ತಾನೆ, ಸೈಕಲ್ ರಿಪೇರಿಯವನೂ ಕೊಡುತ್ತಾನೆ. ಆ ಹಣ ಪೆಂಡಾಲಾಗುತ್ತದೆ, ಧ್ವನಿವರ್ಧಕವಾಗುತ್ತದೆ, ಆಳೆತ್ತರದ ಬ್ಯಾನರಾಗುತ್ತದೆ. ಬ್ಯಾನರಿನಲ್ಲಿ ಹನ್ನೆರಡು ಮುಖಗಳಿದ್ದರೆ ಹನ್ನೆರಡೂ ಪುಢಾರಿಗಳವೇ, ಆಡುವ ಹುಡುಗನದು ಒಂದೂ ಇಲ್ಲ. ಮೂರನೆಯ ದಿನ ಪೆಂಡಾಲು ಬಿಚ್ಚಿದ ಮೇಲೆ ಮೈದಾನದಲ್ಲಿ ಉಳಿಯುವುದು ಚಹದ ಕಪ್ಪುಗಳು ಮತ್ತು ಗುಂಡಿಗಳು. ಇದಕ್ಕೆ ನಮ್ಮಲ್ಲಿ ಕ್ರೀಡಾ ಪ್ರೋತ್ಸಾಹವೆಂದು ಹೆಸರು.

ನಾವು ಇಂದು ಬೇರೊಂದು ಆಟದ ಮಾತೆತ್ತುತ್ತೇವೆ. ಸಾಫ್ಟ್‌ಬಾಲ್. ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಈ ಆಟವುಂಟು. 1961ರಲ್ಲಿಯೇ ಇದಕ್ಕೆ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿತು. ಆದರೂ ನಮ್ಮ ಓದುಗರಲ್ಲಿ ಬಹಳ ಜನ ಈ ಆಟ ಕಂಡಿರಲಿಕ್ಕಿಲ್ಲ. ಕಾಣದಿರುವುದು ಅವರ ತಪ್ಪಲ್ಲ.

ಹೆಸರು ಕೇಳಿ ಮೋಸ ಹೋಗಬೇಡಿರಿ. ಚೆಂಡು ಮೆತ್ತಗಿಲ್ಲ. ಸುತ್ತಳತೆ 12 ಇಂಚು, ತೂಕ ಸುಮಾರು 180 ಗ್ರಾಂ ಅಥವಾ ಅದಕ್ಕೂ ಮೇಲೆ, ಅಂದರೆ ಕ್ರಿಕೆಟ್ ಚೆಂಡಿಗಿಂತ ಭಾರ. ಕ್ರಿಕೆಟ್ಟಿನಲ್ಲಿ ಎರಡು ವಿಕೆಟ್ಟುಗಳ ನಡುವೆ 66 ಅಡಿ ಇದ್ದರೆ, ಇಲ್ಲಿ ಹೆಣ್ಣುಮಕ್ಕಳ ಪಂದ್ಯದಲ್ಲಿ ಚೆಂಡೆಸೆಯುವ ಜಾಗಕ್ಕೂ ಹೊಡೆಯುವ ಜಾಗಕ್ಕೂ 43 ಅಡಿ ಮಾತ್ರ. ಕೈಯನ್ನು ಬೀಸುಗಾಲಿಯಂತೆ ಒಂದು ಸುತ್ತು ತಿರುಗಿಸಿ ಕೆಳಗಿನಿಂದಲೇ ಎಸೆಯಬೇಕು. ಚೆಂಡು ಹಿಡಿಯುವ ಒಂಬತ್ತು ಮಂದಿಗೂ ಒಬ್ಬೊಬ್ಬರಿಗೆ ಒಂದೊಂದು ಚರ್ಮದ ಗ್ಲೌಸು ಬೇಕು. ಹಿಂದೆ ಕೂತು ಹಿಡಿಯುವವಳಿಗೆ ಮುಖಕ್ಕೆ ಜಾಳಿಗೆ, ಎದೆಗೆ ಕವಚ, ಮೊಣಕಾಲಿಗೆ ಪಟ್ಟಿ ಬೇಕು. ಇವಿಲ್ಲದೆ ಈ ಆಟವನ್ನು ಆಡಿಸುವುದೆಂದರೆ ಮಕ್ಕಳ ಬೆರಳು ಮುರಿಸುವುದೆಂದೇ ಅರ್ಥ. ಆದರೆ ಗ್ಲೌಸು ಯಾರು ಕೊಳ್ಳಬೇಕು? ಮಾಸ್ತರರು ತಮ್ಮ ಪಗಾರದಿಂದಲೇ? ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿ ಬಂದ ತಂದೆಯೇ?

ಇದು ಸಾಹುಕಾರರ ಆಟವೆಂದು ಕೆಲವರು ಮೂಗು ಮುರಿಯುವರು. ಚರಿತ್ರೆ ತಿರುವಿ ಹಾಕಲಿ. 1887ರಲ್ಲಿ ಚಿಕಾಗೋ ನಗರದ ಒಂದು ಕ್ಲಬ್ಬಿನಲ್ಲಿ ಮುಷ್ಟಿಯುದ್ಧದ ಗ್ಲೌಸೊಂದನ್ನು ಉಂಡೆ ಕಟ್ಟಿ, ಕಸಬರಿಗೆಯ ಕೋಲಿನಿಂದ ಹೊಡೆದು ಆಡಿದ್ದೇ ಇದರ ಮೊದಲು. 1895ರಲ್ಲಿ ಮಿನಿಯಾಪೊಲಿಸ್ಸಿನ ಅಗ್ನಿಶಾಮಕ ದಳದ ಲೂಯಿಸ್ ರೋಬರ್ ಎಂಬಾತ, ಬೆಂಕಿಯ ಕರೆ ಕಾಯುತ್ತ ಕೂತ ತನ್ನ ಜವಾನರ ಮೈ ಜಡ್ಡುಗಟ್ಟಬಾರದೆಂದು ಠಾಣೆಯ ಪಕ್ಕದ ಖಾಲಿ ಜಾಗದಲ್ಲಿ ಇದನ್ನೇ ಆಡಿಸಿದ. 1930ರ ದಶಕದ ಮಹಾ ಮುಗ್ಗಟ್ಟಿನಲ್ಲಿ ಅಲ್ಲಿಯ ನಿರುದ್ಯೋಗಿಗಳೂ ಕಾರಖಾನೆಯ ಕೂಲಿಗಳೂ ಇದನ್ನು ತಮ್ಮದಾಗಿಸಿಕೊಂಡರು. ಕೆಲಸವಿಲ್ಲದವರಿಗೆ ಕೆಲಸ ಕೊಟ್ಟ ಸರಕಾರಿ ಯೋಜನೆಯಡಿ ಅವರ ಕೈಯಿಂದಲೇ ಆಟದ ಮೈದಾನಗಳೂ ಎದ್ದವು. ಬಂಡವಾಳಶಾಹಿಯ ತವರಿನಲ್ಲೇ ಇದು ನಡೆಯಿತೆಂಬುದನ್ನು ನಮ್ಮ ಮಂತ್ರಿಗಳು ಗಮನಿಸಲಿ. ಜಪಾನಿನ ಹೆಣ್ಣುಮಕ್ಕಳು 2008ರಲ್ಲಿ ಬೀಜಿಂಗಿನಲ್ಲೂ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲೂ ಚಿನ್ನ ಗೆದ್ದರು. ಅಲ್ಲಿಯ ತಂಡಗಳು ಬೆಳೆದದ್ದು ಕಂಪನಿಗಳ ಅಂಗಳದಲ್ಲಿ. ಮಾಲಕರು ಅದನ್ನು ಜಾಹೀರಾತಿಗಾಗಿ ಮಾಡಿದರೆಂಬುದು ನಿಜ; ಆದರೂ ಮೈದಾನವನ್ನಂತೂ ಕೊಟ್ಟರು. ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ನಿಂತದ್ದು 1885ರ ಮಾತು, ಈ ಆಟ ಹುಟ್ಟುವುದಕ್ಕೂ ಎರಡು ವರ್ಷ ಮೊದಲು. ಅಷ್ಟು ಹಳೆಯ ಕಾರ್ಮಿಕ ನೆಲದಲ್ಲಿ ಕಾರ್ಮಿಕರ ಮಗಳಿಗೆ ಒಂದು ಚೆಂಡು ಸಿಗದೆಂದರೆ ನಾವು ಸುಮ್ಮನಿರಬೇಕೆ?

ಚೆಂಡಿಗಿಂತ ಮೊದಲು ಬೇಕಾದದ್ದು ಕಲಿಸುವವರು. ತರಬೇತಿಯೆಂದರೆ ಜಿಲ್ಲಾ ಪಂದ್ಯಕ್ಕೆ ಎಂಟು ದಿನವಿರುವಾಗ ಓಟದಲ್ಲಿ ಚುರುಕಾದ ಹುಡುಗಿಯರನ್ನು ಒಟ್ಟು ಮಾಡಿ, ನಿಯಮ ಬಾಯಿಪಾಠ ಮಾಡಿಸಿ ಬಸ್ಸು ಹತ್ತಿಸುವುದಲ್ಲ. ಎಸೆಯುವ ತೋಳು ವರ್ಷಗಟ್ಟಲೆ ಪಳಗಬೇಕು. ಎಲುಬು ಇನ್ನೂ ಬೆಳೆಯುತ್ತಿರುವ ಹದಿಮೂರರ ಹುಡುಗಿಯಿಂದ ದಿನಕ್ಕೆ ಎಷ್ಟು ಎಸೆತ ಎಸೆಸಬೇಕು, ಯಾವಾಗ ನಿಲ್ಲಿಸಬೇಕೆಂಬುದನ್ನು ಬಲ್ಲವರು ಬೇಕು. ಇಲ್ಲವಾದರೆ ಅವಳ ಹೆಗಲು ಹದಿನೆಂಟಕ್ಕೇ ಮುಗಿಯುತ್ತದೆ. ನೆಲಕ್ಕೆ ಜಾರಿ ಬೇಸ್ ಮುಟ್ಟುವುದು ಈ ಆಟದ ಜೀವಾಳ. ನಮ್ಮ ಗರಸು ನೆಲದಲ್ಲಿ ಜಾರಿದರೆ ತೊಡೆಯ ಚರ್ಮ ಕಿತ್ತು ಬರುತ್ತದೆ. ಆ ಹುಡುಗಿ ಮನೆಗೆ ಹೋದಾಗ ಅವ್ವ ಹೇಳುವುದು ಒಂದೇ ಮಾತು: 'ಸಾಕು ಬಿಡವಾ ಆಟ.' ತಪ್ಪು ಅವ್ವನದೆ?

ಕಾನೂನು ಏನನ್ನುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆಯ ಪರಿಶಿಷ್ಟದಲ್ಲಿ ಶಾಲೆಗೆ ಆಟದ ಮೈದಾನವಿರಬೇಕು, ಆಟದ ಸಾಮಾನಿರಬೇಕು, 6ರಿಂದ 8ನೆಯ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು ಬರೆದಿದೆ. ಸಂವಿಧಾನದಲ್ಲಿ ಕ್ರೀಡೆ ರಾಜ್ಯದ ಪಟ್ಟಿಗೆ ಸೇರಿದ ವಿಷಯ. ಆದುದರಿಂದ ದಿಲ್ಲಿಯತ್ತ ಬೆರಳು ತೋರಿಸಿ ಬೆಂಗಳೂರು ಪಾರಾಗುವಂತಿಲ್ಲ. ದಿಲ್ಲಿಯ 'ಖೇಲೋ ಇಂಡಿಯಾ' ಯೋಜನೆ ಆಯ್ದ ಕ್ರೀಡಾಪಟುಗಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಕೊಡುತ್ತದೆ. ಒಳ್ಳೆಯದೇ, ನಾವು ಬೇಡವೆನ್ನುವುದಿಲ್ಲ. ಆದರೆ ಆರಿಸಿಕೊಳ್ಳುವುದು ಬೇರೆ, ಬೆಳೆಸುವುದು ಬೇರೆ. ಬಿತ್ತದ ಹೊಲದಲ್ಲಿ ತೆನೆ ಆಯಲು ಬಂದವರಿಗೆ ಏನು ಸಿಗುತ್ತದೆ?

ನಮ್ಮ ನೆರೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇವೆ. ಸಂಕೇಶ್ವರದಿಂದ ನಿಪ್ಪಾಣಿ ದಾಟಿದರೆ ಕೊಲ್ಹಾಪುರ. ಅಲ್ಲಿ ಪಳಗಿದ ಕುಸ್ತಿಪಟು ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಮನೆ ಮನೆ ತಿರುಗಿ ಹಣ ಕೂಡಿಸಬೇಕಾಯಿತು. ಅವರು ಓದಿದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲೇ ಇತ್ತು. ಜಾಧವರು ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ತಿರುಗಿ ಬಂದಾಗ ನೂರಕ್ಕೂ ಹೆಚ್ಚು ಚಕ್ಕಡಿಗಳ ಮೆರವಣಿಗೆ. ಮೆರವಣಿಗೆಗೆ ಎತ್ತುಗಳು ದೊರೆತವು. ಪ್ರವಾಸಕ್ಕೆ ಮಾತ್ರ ಒಬ್ಬ ಮಾಸ್ತರರ ಮನೆ ಅಡವಿಗೆ ಬೀಳಬೇಕಾಯಿತು! ಅಂದಿನಿಂದ ಇಂದಿನವರೆಗೆ ಅಧಿಕಾರಸ್ಥರ ಬುದ್ಧಿ ಎಷ್ಟು ಬದಲಾಗಿದೆಯೆಂಬುದನ್ನು ಓದುಗರೇ ತೂಗಲಿ.

'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆಯೇ?' ಎಂದು ನಮ್ಮ ಪಕ್ಷದವರೇ ಕೆಲವರು ಕೇಳಿದ್ದಾರೆ. ಕೂಲಿಯ ಹೋರಾಟ ಬಿಟ್ಟು ಆಟದ ಮಾತೇಕೆ ಎಂಬುದು ಅವರ ತಕರಾರು. ಎರಡೂ ಒಂದೇ ಹೋರಾಟವೆಂಬುದು ನಮ್ಮ ಉತ್ತರ. 2023ರಲ್ಲಿ ಕರ್ನಾಟಕ ಸರಕಾರ ಕಾರಖಾನೆ ಕಾಯಿದೆಯನ್ನು ತಿದ್ದಿ, ವಾರಕ್ಕೆ 48 ಗಂಟೆಯ ಮಿತಿ ಉಳಿಸಿಯೂ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು. ಕಾರ್ಮಿಕನ ಒಪ್ಪಿಗೆ ಬೇಕಂತೆ. ಮಾಲಕನ ಎದುರು ನಿಂತವನ ಒಪ್ಪಿಗೆ ಎಂಥದೆಂದು ನಮಗೆ ಗೊತ್ತು. ಹನ್ನೆರಡು ಗಂಟೆ ದುಡಿದು ಬಂದ ತಂದೆ ಮಗಳನ್ನು ಯಾವಾಗ ಮೈದಾನಕ್ಕೆ ಕರೆದೊಯ್ಯಬೇಕು? ತಾಯಿ ಯಾವ ಹೊತ್ತಿನಲ್ಲಿ ಅವಳ ದಾರಿ ಕಾಯಬೇಕು? ಮೈಯನ್ನು ದುಡಿತಕ್ಕೆ ಮಾತ್ರ ಮೀಸಲಿಟ್ಟು, ಆಟವನ್ನು ಉಳ್ಳವರ ಮಕ್ಕಳಿಗೆ ಬಿಟ್ಟುಕೊಡುವುದನ್ನು ಸಮಾಜವಾದವೆಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.

ನಾವು ಕೇಳುವುದು ಸ್ಟೇಡಿಯಂ ಅಲ್ಲ. ಸ್ಟೇಡಿಯಮ್ಮಿಗೆ ಗುತ್ತಿಗೆದಾರರು ತಾವಾಗಿಯೇ ಬರುತ್ತಾರೆ. ಒಂದೊಂದು ತಾಲೂಕಿಗೆ ಎರಡು ತಂಡಕ್ಕೆ ಸಾಲುವಷ್ಟು ಗ್ಲೌಸು, ಬ್ಯಾಟು, ಕವಚಗಳ ಒಂದು ಪೆಟ್ಟಿಗೆ. ವಾಚನಾಲಯದ ಪುಸ್ತಕದಂತೆ ಶಾಲೆಗಳು ಬರೆಸಿ ಒಯ್ದು ತಂದಿಡಲಿ. ಪುರಸಭೆಯ ಒಂದು ಬಯಲಿನಲ್ಲಿ ಕಲ್ಲು ಆರಿಸಿ ಕೆಮ್ಮಣ್ಣು ಹಾಕಲಿ. ಸಂಜೆ ಅಲ್ಲಿ ದೀಪವಿರಲಿ, ಹುಡುಗಿಯರಿಗೆ ಶೌಚಾಲಯವಿರಲಿ. ಖಾಲಿ ಬಿದ್ದ ದೈಹಿಕ ಶಿಕ್ಷಕರ ಜಾಗಗಳನ್ನು ತುಂಬಲಿ. ಪಂದ್ಯಕ್ಕೆ ಹೋಗುವ ಮಗುವಿನ ಬಸ್ಸಿನ ಖರ್ಚನ್ನೂ ಊಟವನ್ನೂ ಇಲಾಖೆ ಮುಂಗಡವಾಗಿ ಕೊಡಲಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಈ ಆಟ ಮರಳಿ ಸೇರಿದೆ. ಅಲ್ಲಿಗೆ ನಮ್ಮ ಹುಡುಗಿಯರು ಹೋಗುತ್ತಾರೆಂದು ಹೇಳುವಷ್ಟು ಮಳ್ಳರು ನಾವಲ್ಲ. ಬೆರಳು ಮುರಿಯದೆ ಆಡಲಿ, ಅಷ್ಟೇ.

ವರ್ತಕ ಬಂಧುಗಳಿಗೆ ಒಂದು ವಿನಂತಿ. ಮುಂದಿನ ಸಲ ಪಾವತಿ ಪುಸ್ತಕ ಕಟ್ಟೆ ಹತ್ತಿದಾಗ ಹಣ ಕೊಡುವ ಮೊದಲು ಲೆಕ್ಕ ಕೇಳಿರಿ: ಇದರಲ್ಲಿ ಪೆಂಡಾಲಿಗೆಷ್ಟು, ಚೆಂಡಿಗೆಷ್ಟು? ಬಂದ ಉತ್ತರವನ್ನು ಒಂದು ಕಾಗದದಲ್ಲಿ ಬರೆದು ನಮ್ಮ ಕಚೇರಿಗೆ ಮುಟ್ಟಿಸಿರಿ. ಊರಿನ ಹೆಸರಿನೊಡನೆ ಅಚ್ಚು ಹಾಕುತ್ತೇವೆ.